ಹಳೆ ಸೂಪರ್ 8 ಫಿಲ್ಮಿನಲ್ಲಿ ರಾತ್ರಿ ಹೊತ್ತು ಮನೆಯೊಳಗಿನ ಚಿತ್ರೀಕರಣ: ಎಷ್ಟು ಬೆಳಕು ಸಾಕು?

ಸುರುಳಿಗಂಟು

ನನ್ನ ಹತ್ತಿರ ನಾಲ್ಕು ಬಗೆಯ ಸೂಪರ್ 8 (ಮನೆ ಚಿತ್ರಗಳಿಗೆಂದು ಮಾಡಿದ 8 ಎಂಎಂ ಫಿಲ್ಮು) ಕಾರ್ಟ್ರಿಜ್‌ಗಳಿವೆ. ಎಲ್ಲವೂ ಸೀಲ್ ಒಡೆಯದವು, ಎಲ್ಲವೂ ಅವಧಿ ಮುಗಿದವು. ವಿಷನ್2 500ಟಿ (7218, ಬಲ್ಬಿನ ಬೆಳಕಿಗೆ ಮಾಡಿದ ಕಲರ್ ನೆಗೆಟಿವ್) ಮೂರು, ಅವಧಿ 2008. ಟ್ರೈ-ಎಕ್ಸ್ ರಿವರ್ಸಲ್ 7278 (ಕಪ್ಪು-ಬಿಳುಪು; ರಿವರ್ಸಲ್ ಎಂದರೆ ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರ ಬರುವ ಫಿಲ್ಮು) ಎರಡು, ಅವಧಿ 2004. ಎಕ್ಟಾಕ್ರೋಮ್ 160 ಟೈಪ್ ಜಿ ಒಂದು. ಕೊಡಾಕ್ರೋಮ್ 40 ಒಂದು. ಫ್ರಿಜ್ಜಿನಲ್ಲಿ ಇಟ್ಟವಲ್ಲ, ಬೀರುವಿನಲ್ಲಿ ಇದ್ದವು. ಕ್ಯಾಮೆರಾದ ಲೆನ್ಸ್ ಎಫ್ 1.8, ಷಟರ್ 150 ಡಿಗ್ರಿ, ಸೆಕೆಂಡಿಗೆ 18 ಫ್ರೇಮ್. ಮೀಟರ್ ಆಟೊ ಮಾತ್ರ, ಫಿಲ್ಮಿನ ವೇಗದಲ್ಲಿ (ಐಎಸ್‌ಒ) 40 ಮತ್ತು 160 ಎರಡನ್ನೇ ಗುರುತಿಸುತ್ತದೆ.

ತೆಗೆಯಬೇಕಾಗಿರುವುದು ರಾತ್ರಿ ಮನೆಯೊಳಗಿನ ದೃಶ್ಯಗಳು. ಊಟದ ಮೇಜು, ಸೋಫಾದ ಮೇಲೆ ಕೂತು ಮಾತಾಡುವವರು, ಕೇಕಿನ ಮೇಲಿನ ಮೇಣದಬತ್ತಿ. ಇದರಲ್ಲಿ ಯಾವ ಫಿಲ್ಮು ಹಾಕಬೇಕು? ಎಷ್ಟು ಸ್ಟಾಪು (ಒಂದು ಸ್ಟಾಪು ಎಂದರೆ ಎರಡು ಪಟ್ಟು ಬೆಳಕು) ಹೆಚ್ಚು ಕೊಡಬೇಕು? ಲ್ಯಾಬಿನಲ್ಲಿ ಪುಷ್ ಮಾಡಿಸಿದರೆ, ಅಂದರೆ ಹೆಚ್ಚು ಹೊತ್ತು ಡೆವಲಪ್ ಮಾಡಿಸಿದರೆ, ಸರಿಹೋಗುತ್ತದೆಯೇ?

ನೆರಳುಬೆಳಕು

ಫಿಲ್ಮು ಆರಿಸುವ ಮೊದಲು ಒಂದು ಲೆಕ್ಕ ಮಾಡಿಬಿಡೋಣ. ಅದಾದ ಮೇಲೆ ಅರ್ಧ ಪ್ರಶ್ನೆ ತಾನಾಗಿಯೇ ಬಗೆಹರಿಯುತ್ತದೆ.

18 ಫ್ರೇಮಿನಲ್ಲಿ 150 ಡಿಗ್ರಿ ಷಟರ್ ಅಂದರೆ ಪ್ರತಿ ಫ್ರೇಮಿಗೆ ಸಿಗುವ ಸಮಯ ಸುಮಾರು 1/43 ಸೆಕೆಂಡು. ಬೇಕಾದ ಬೆಳಕನ್ನು ಲಕ್ಸ್‌ನಲ್ಲಿ ಹೀಗೆ ತೆಗೆಯಬಹುದು: ಎಫ್ ಸಂಖ್ಯೆಯ ವರ್ಗವನ್ನು 250ರಿಂದ ಗುಣಿಸಿ, ಅದನ್ನು 43ರಿಂದ ಗುಣಿಸಿ, ಫಿಲ್ಮಿನ ಐಎಸ್‌ಒದಿಂದ ಭಾಗಿಸಿ. ಹೊಸ 500ಟಿ ಹಾಕಿ ಎಫ್ 1.8ಕ್ಕೆ ಪೂರ್ತಿ ತೆರೆದರೆ 70 ಲಕ್ಸ್ ಬರುತ್ತದೆ. ರಾತ್ರಿ ಹೊತ್ತು ಸಾಮಾನ್ಯ ಮನೆಯ ಕೋಣೆಯಲ್ಲಿ 50ರಿಂದ 150 ಲಕ್ಸ್ ಇರುತ್ತದೆ. ಅಂದರೆ ಹೊಸ ಫಿಲ್ಮಾದರೆ ದೀಪದ ಹತ್ತಿರ ಕೂತವರು ಸಿಗುತ್ತಾರೆ, ಮೂಲೆಯಲ್ಲಿ ಕೂತವರು ಸಿಗುವುದಿಲ್ಲ.

ಈಗ ನಿಮ್ಮ 2008ರ 500ಟಿ. ಕೋಣೆಯ ಬಿಸಿಯಲ್ಲಿ ಇದ್ದ ಕಲರ್ ನೆಗೆಟಿವ್‌ಗೆ ಹತ್ತು ವರ್ಷಕ್ಕೆ ಒಂದು ಸ್ಟಾಪು ಎನ್ನುವುದು ಎಲ್ಲರೂ ಹಿಡಿಯುವ ಅಂದಾಜು. ಅಂದಾಜು ಅಷ್ಟೇ, ನಿಯಮವಲ್ಲ. ಆ ಲೆಕ್ಕದಲ್ಲಿ ಅದನ್ನು 125ರ ಫಿಲ್ಮು ಎಂದು ನೋಡಬೇಕು. 250 ಗುಣಿಸು 3.24 ಗುಣಿಸು 43, ಭಾಗಿಸು 125. ಸುಮಾರು 280 ಲಕ್ಸ್. ದೀಪ ಸೇರಿಸದೆ ಮನೆಯೊಳಗೆ ಅಷ್ಟು ಬೆಳಕು ಇರುವುದಿಲ್ಲ.

ಟ್ರೈ-ಎಕ್ಸ್ 7278 ಬಲ್ಬಿನ ಬೆಳಕಿನಲ್ಲಿ 160. ವಯಸ್ಸಿನ ಲೆಕ್ಕ ತೆಗೆದು 64 ಎಂದುಕೊಂಡರೆ 550 ಲಕ್ಸ್ ಹತ್ತಿರ. ಕೊಡಾಕ್ರೋಮ್ 40 ಹೊಸದಾಗಿದ್ದಾಗಲೇ 870 ಲಕ್ಸ್ ಕೇಳುತ್ತಿತ್ತು. ಆಗಿನ ಮನೆ ಚಿತ್ರಗಳಲ್ಲಿ ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಕಾಣುವುದು ಇದಕ್ಕೇ. 650 ವ್ಯಾಟಿನ, 1000 ವ್ಯಾಟಿನ ಮೂವಿ ಲೈಟು ನೇರ ಮುಖಕ್ಕೆ ಬೀಳುತ್ತಿತ್ತು.

ಕತ್ತಲೆಕೋಣೆ

ಲೆಕ್ಕ ಸರಿ. ಆದರೆ "ಹತ್ತು ವರ್ಷಕ್ಕೆ ಒಂದು ಸ್ಟಾಪು" ಎನ್ನುವುದು ಏನನ್ನು ಸರಿಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು.

ಫಿಲ್ಮು ಹಳೆಯದಾದಂತೆ ಎರಡು ಬೇರೆ ಬೇರೆ ಕೆಲಸ ಆಗುತ್ತವೆ. ಒಂದು, ಬೆಳಕಿಗೆ ಸ್ಪಂದಿಸುವ ಶಕ್ತಿ ಇಳಿಯುತ್ತದೆ. ಎರಡು, ಬೆಳಕೇ ಬೀಳದ ಕಣಗಳೂ ಡೆವಲಪ್ ಆಗತೊಡಗುತ್ತವೆ. ಇದೇ ಫಾಗ್. ನೆಗೆಟಿವ್‌ನಲ್ಲಿ ಫಾಗ್ ಎಂದರೆ ಖಾಲಿ ಜಾಗವೂ ಮಬ್ಬಾಗಿ ತುಂಬಿಕೊಳ್ಳುವುದು. ನೆರಳಿನ ವಿವರ ಇರುವುದು ನೆಗೆಟಿವ್‌ನ ಅತಿ ತೆಳುವಾದ ಭಾಗದಲ್ಲಿ. ಫಾಗ್ ಮೊದಲು ನುಂಗುವುದೂ ಅದನ್ನೇ.

ಬಿಸಿಲಿನಲ್ಲಿ ತೆಗೆದರೆ ಎರಡು ಸ್ಟಾಪು ಹೆಚ್ಚು ಕೊಟ್ಟು ನೆರಳನ್ನೂ ಫಾಗಿನ ಮೇಲಕ್ಕೆ ಎತ್ತಬಹುದು. ರಾತ್ರಿ ಕೋಣೆಯಲ್ಲಿ ಕೊಡಲು ಹೆಚ್ಚಿನ ಸ್ಟಾಪು ಎಲ್ಲಿದೆ? ಲೆನ್ಸು ಆಗಲೇ ಪೂರ್ತಿ ತೆರೆದಿದೆ. ಮಂದ ಬೆಳಕು ಕೊರತೆ ಮಾಡುವ ಜಾಗ, ಹಳೆ ಫಿಲ್ಮು ಕೆಡುವ ಜಾಗ, ಎರಡೂ ಒಂದೇ. ಆದ್ದರಿಂದ ಹಳೆಯದನ್ನು ಹಗಲಿಗೆ ಇಟ್ಟುಕೊಳ್ಳಿ, ರಾತ್ರಿಗೆ ಹೊಸ 500ಟಿ (7219) ತನ್ನಿ ಎಂದೇ ಹೇಳುತ್ತೇನೆ. ಹಳೆಯದರಲ್ಲೇ ಮಾಡಲೇಬೇಕು ಎಂದಾದರೆ ಮೊದಲು ದೃಶ್ಯಕ್ಕೆ ಬೆಳಕು ತನ್ನಿ. ಲ್ಯಾಬಿನ ಮಾತು ಆಮೇಲೆ.

ಇನ್ನೊಂದು ವಿಷಯ. ವೇಗದ ಫಿಲ್ಮು ನಿಧಾನದ ಫಿಲ್ಮಿಗಿಂತ ಬೇಗ ಕೆಡುತ್ತದೆ. ನೈಸರ್ಗಿಕ ವಿಕಿರಣ 500ರ ದೊಡ್ಡ ಕಣಗಳಿಗೆ ಹೆಚ್ಚು ತಾಗುತ್ತದೆ. ಫ್ರೀಜರ್ ರಾಸಾಯನಿಕ ಬದಲಾವಣೆಯನ್ನು ತಡೆಯುತ್ತದೆಯೇ ಹೊರತು ವಿಕಿರಣವನ್ನಲ್ಲ. ಹಾಗಾಗಿ ಅದೇ ವಯಸ್ಸಿನ ನಿಧಾನದ 50ಡಿ ಚೆನ್ನಾಗಿದ್ದು 500ಟಿ ಮಬ್ಬಾಗಿದ್ದರೆ ಆಶ್ಚರ್ಯವಿಲ್ಲ.

ಎರಡುಸ್ಟಾಪು

ಪುಷ್ ಯಾಕೆ ಬೇಡ ಅಂತೀರಿ? 500ಟಿಯನ್ನು ಒಂದು ಸ್ಟಾಪು, ಎರಡು ಸ್ಟಾಪು ಪುಷ್ ಮಾಡಿಸುವವರು ಬೇಕಾದಷ್ಟು ಜನ ಇದ್ದಾರೆ, ಚಿತ್ರವೂ ಬರುತ್ತದೆ.

ಕತ್ತಲೆಕೋಣೆ

ಹೊಸ ಫಿಲ್ಮಿಗೆ ಒಂದು ಸ್ಟಾಪು ಪುಷ್ ಮಾಡಿಸಿ, ತಕರಾರಿಲ್ಲ. ಆಗಲೂ ಏರುವುದು ಮುಖದ ಮಧ್ಯದ ಟೋನು ಮತ್ತು ಹೊಳೆಯುವ ಭಾಗ. ಬೆಳಕೇ ದಾಖಲಾಗದ ನೆರಳನ್ನು ಡೆವಲಪರ್ ಎಷ್ಟು ಹೊತ್ತು ಇಟ್ಟರೂ ತರಲಾರದು. ನೆಗೆಟಿವ್‌ನಲ್ಲಿ ಪುಷ್ ಎಂದರೆ ಹೆಚ್ಚಾಗಿ ಕಾಂಟ್ರಾಸ್ಟ್ ಏರಿಸುವುದು.

ಹಳೆ ಫಿಲ್ಮಿಗೆ ಪುಷ್ ಮಾಡಿದರೆ ಫಾಗ್ ಕೂಡ ಚಿತ್ರದ ಜೊತೆಗೇ ಏರುತ್ತದೆ. ಮೂರೂ ಬಣ್ಣದ ಪದರಗಳು ಒಂದೇ ಸಮ ಹಳತಾಗಿರುವುದಿಲ್ಲ, ಹಾಗಾಗಿ ನೆರಳಿಗೆ ಒಂದು ಬಣ್ಣ, ಬೆಳಕಿಗೆ ಇನ್ನೊಂದು ಬಣ್ಣ ಹತ್ತುತ್ತದೆ. ಸ್ಕ್ಯಾನಿನಲ್ಲಿ ನೆರಳಿನ ಹಸಿರು ತೆಗೆದರೆ ಮುಖ ಗುಲಾಬಿಯಾಗುತ್ತದೆ, ಮುಖ ಸರಿಮಾಡಿದರೆ ನೆರಳು ಮತ್ತೆ ಹಸಿರು. ಕಾಂಟ್ರಾಸ್ಟ್ ಏರಿದಷ್ಟೂ ಈ ಎಳೆದಾಟ ಜಾಸ್ತಿ. ಹಳೆ ಕಲರ್ ನೆಗೆಟಿವ್‌ಗೆ ಹೆಚ್ಚು ಎಕ್ಸ್‌ಪೋಷರ್ ಕೊಟ್ಟು ಮಾಮೂಲಿ ಡೆವಲಪ್ ಮಾಡಿಸುವುದೇ ಸರಿ.

ರಿವರ್ಸಲ್‌ನಲ್ಲಿ ಮಾತು ಸ್ವಲ್ಪ ಬೇರೆ. ಅಲ್ಲಿ ಮೊದಲ ಡೆವಲಪರ್ ಹೊತ್ತು ಹೆಚ್ಚಿಸಿದರೆ ಇಡೀ ಚಿತ್ರ ನಿಜವಾಗಿ ತಿಳಿಯಾಗುತ್ತದೆ. ಇ-6ರಲ್ಲಿ (ಕಲರ್ ರಿವರ್ಸಲ್‌ನ ಸಂಸ್ಕರಣೆ) 38 ಡಿಗ್ರಿಯಲ್ಲಿ 6 ನಿಮಿಷದ ಮೊದಲ ಡೆವಲಪರನ್ನು 8 ನಿಮಿಷ ಮಾಡಿದರೆ ಸುಮಾರು ಒಂದು ಸ್ಟಾಪು ಸಿಗುತ್ತದೆ. ಅದಕ್ಕೆ ತೆರುವ ಬೆಲೆ ಕಪ್ಪು. ಪುಷ್ ಮಾಡಿದ ರಿವರ್ಸಲ್‌ನ ಕಪ್ಪು ಬೂದಿ ಬಣ್ಣಕ್ಕೆ ಬರುತ್ತದೆ. ಹಳೆ ರಿವರ್ಸಲ್‌ನಲ್ಲಿ ಫಾಗ್ ಮೊದಲೇ ಕಪ್ಪನ್ನು ತಿಂದಿರುತ್ತದೆ, ಅದರ ಮೇಲೆ ಪುಷ್ ಎಂದರೆ ಕಪ್ಪೇ ಉಳಿಯುವುದಿಲ್ಲ. ರಾತ್ರಿ ದೃಶ್ಯದಲ್ಲಿ ಮುಕ್ಕಾಲು ಫ್ರೇಮು ಕಪ್ಪೇ ಇರುವಾಗ ಇದು ಎದ್ದು ಕಾಣುತ್ತದೆ.

ಎರಡುಸ್ಟಾಪು

ಒಪ್ಪಿದೆ. ಹಾಗಾದರೆ ಪ್ರೀ-ಫ್ಲಾಶ್? ಫಿಲ್ಮಿಗೆ ಮೊದಲೇ ಸಣ್ಣದಾಗಿ ಸಮನಾದ ಬೆಳಕು ಕೊಟ್ಟರೆ ನೆರಳು ಮೇಲೇಳುತ್ತದೆ ಅಲ್ಲವೇ?

ಕತ್ತಲೆಕೋಣೆ

ಹೊಸ ಫಿಲ್ಮಿನಲ್ಲಿ ಏಳುತ್ತದೆ. ಹಳೆಯದರಲ್ಲಿ ಆ ಕೆಲಸವನ್ನು ಫಾಗ್ ಬೇಡದೆಯೇ ಮಾಡಿ ಮುಗಿಸಿದೆ. ಇನ್ನೊಮ್ಮೆ ಕೊಟ್ಟರೆ ಮಬ್ಬಿನ ಮೇಲೆ ಮಬ್ಬು.

ಹದಿನೆಂಟುಫ್ರೇಮು

ಕ್ಯಾಮೆರಾದ ಕಡೆಯಿಂದ ಎಷ್ಟು ಬೆಳಕು ಗಿಟ್ಟಿಸಬಹುದು ಎಂದು ನೋಡಬೇಕು. ಇಲ್ಲಿ ಸುಮ್ಮನೆ ಕಳೆದುಹೋಗುವುದೇ ಹೆಚ್ಚು.

ಮೊದಲನೆಯದು 85 ಫಿಲ್ಟರ್. ಬಲ್ಬಿನ ಬೆಳಕಿಗೆಂದು ಮಾಡಿದ ಫಿಲ್ಮನ್ನು ಹಗಲಿನಲ್ಲಿ ಬಳಸಲು ಸೂಪರ್ 8 ಕ್ಯಾಮೆರಾದೊಳಗೆ ಕಿತ್ತಳೆ ಫಿಲ್ಟರ್ ಇರುತ್ತದೆ. ಅದು ಮೂರನೇ ಎರಡು ಸ್ಟಾಪು ತಿನ್ನುತ್ತದೆ. ಸ್ವಿಚ್ಚಿನ ಮೇಲೆ ಸೂರ್ಯ ಮತ್ತು ಬಲ್ಬಿನ ಗುರುತು ಇದ್ದರೆ ಬಲ್ಬಿನ ಕಡೆಗೆ ಹಾಕಿ. ಸ್ವಿಚ್ ಇಲ್ಲದ ಕ್ಯಾಮೆರಾದಲ್ಲಿ ಮೇಲ್ಭಾಗದಲ್ಲಿ ಒಂದು ಸೀಳು ಇರುತ್ತದೆ, ಮೂವಿ ಲೈಟಿನ ಬ್ರಾಕೆಟ್ಟು ಅಥವಾ ಚಪ್ಪಟೆ ಕೀಲಿ ಅದರೊಳಗೆ ಹೋದರೆ ಫಿಲ್ಟರ್ ಸರಿಯುತ್ತದೆ. ಕೀಲಿ ಕಳೆದಿದ್ದರೆ ಅದೇ ದಪ್ಪದ ಪ್ಲಾಸ್ಟಿಕ್ ಪಟ್ಟಿ ಸಾಕು. ಸರಿದಿದೆಯೇ ಎಂದು ಕಣ್ಣಾರೆ ನೋಡಿ: ಕಾರ್ಟ್ರಿಜ್ ಇಲ್ಲದೆ ಬಾಗಿಲು ತೆರೆದು ಕ್ಯಾಮೆರಾ ಓಡಿಸುತ್ತಾ ಗೇಟಿನ (ಫಿಲ್ಮಿಗೆ ಬೆಳಕು ಬೀಳುವ ಕಿಂಡಿ) ಮೂಲಕ ಲೆನ್ಸಿನತ್ತ ನೋಡಿದರೆ ಬೆಳಕು ಕಿತ್ತಳೆಯೋ ಬಿಳಿಯೋ ತಿಳಿಯುತ್ತದೆ. ಹಳೆ ಕ್ಯಾಮೆರಾಗಳಲ್ಲಿ ಫಿಲ್ಟರಿನ ಸನ್ನೆ ಅರ್ಧಕ್ಕೆ ಸಿಕ್ಕಿಕೊಂಡು ಫ್ರೇಮಿನ ಒಂದು ಬದಿ ಮಾತ್ರ ಕಿತ್ತಳೆಯಾಗುವುದೂ ಉಂಟು.

ಕಾರ್ಟ್ರಿಜ್‌ನ ಮುಂದಂಚಿನಲ್ಲಿ ಎರಡು ಕಚ್ಚುಗಳಿರುತ್ತವೆ. ಮೇಲಿನ ಕಚ್ಚಿನ ಜಾಗ ಫಿಲ್ಮಿನ ವೇಗ ಹೇಳುತ್ತದೆ. ಕೆಳಗಿನದು ಫಿಲ್ಟರಿನದು. ಆ ಕಚ್ಚು ಇಲ್ಲದ ಕಾರ್ಟ್ರಿಜ್ ಕ್ಯಾಮೆರಾದ ಪಿನ್ನನ್ನು ಒತ್ತಿ 85 ಫಿಲ್ಟರನ್ನು ತಾನೇ ತೆಗೆದುಬಿಡುತ್ತದೆ.

ಎರಡನೆಯದು ಮೀಟರು. ನಿಮ್ಮ ಕ್ಯಾಮೆರಾ 500ಟಿಯನ್ನು 160 ಎಂದು ಓದುತ್ತದೆ ಎಂದುಕೊಳ್ಳೋಣ. ಹೊಸ ಫಿಲ್ಮಾಗಿದ್ದರೆ ಇದು ಒಂದೂ ಮೂರನೇ ಎರಡು ಸ್ಟಾಪು ಹೆಚ್ಚು ಕೊಟ್ಟಂತೆ, ನೆಗೆಟಿವ್ ತಡೆದುಕೊಳ್ಳುತ್ತದೆ. ನಿಮ್ಮ 2008ರ ಫಿಲ್ಮಿಗೆ ಅದೇ ಸರಿಯಾದ ಅಳತೆಯ ಹತ್ತಿರ ಬರುತ್ತದೆ! ಹಾಗಾಗಿ ವ್ಯೂಫೈಂಡರಿನಲ್ಲಿ ಬೆಳಕು ಸಾಲದು ಎಂಬ ಕೆಂಪು ಗುರುತು ಬಂದರೆ ಈ ಫಿಲ್ಮಿನಲ್ಲಿ ಅದನ್ನು ನಂಬಿ, ದೀಪ ಹತ್ತಿರ ತನ್ನಿ. ಹೊಸ 7219 ಹಾಕಿದ್ದರೆ ಕೆಂಪು ಗುರುತು ಬಂದ ಮೇಲೂ ಸುಮಾರು ಒಂದೂವರೆ ಸ್ಟಾಪಿನ ಜಾಗ ಕೈಯಲ್ಲಿರುತ್ತದೆ, ಧೈರ್ಯವಾಗಿ ಓಡಿಸಿ.

ಮೂರನೆಯದು ವ್ಯೂಫೈಂಡರು. ರಿಫ್ಲೆಕ್ಸ್ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕಿನ ಒಂದು ಪಾಲು ಕಣ್ಣಿಗೆ ಹೋಗುತ್ತದೆ, ಜೂಮ್ ಲೆನ್ಸಿನ ಹತ್ತಾರು ಗಾಜುಗಳೂ ಸ್ವಲ್ಪ ತಿನ್ನುತ್ತವೆ. ಕೈ ಮೀಟರಿನಿಂದ ಅಳೆಯುವವರು ಅರ್ಧ ಸ್ಟಾಪಾದರೂ ಸೇರಿಸಬೇಕು. ನೆರಳುಬೆಳಕು ಕೊಟ್ಟ 280 ಲಕ್ಸ್ ಹಾಗೆ ನೋಡಿದರೆ 400ರ ಹತ್ತಿರ ಹೋಗುತ್ತದೆ.

ನೆರಳುಬೆಳಕು

ಹೌದು, ಅದನ್ನು ಬಿಟ್ಟಿದ್ದೆ. ತಿದ್ದಿದ್ದಕ್ಕೆ ವಂದನೆ.

ಬೇರೆ ಕ್ಯಾಮೆರಾ ಎರವಲು ಸಿಗುವಂತಿದ್ದರೆ ಎಕ್ಸ್‌ಎಲ್ ಎಂದು ಬರೆದದ್ದನ್ನು ಹುಡುಕಿ. ಇರುವ ಬೆಳಕಿನಲ್ಲೇ ತೆಗೆಯಲು ಎಂಬುದು ಆ ಎರಡಕ್ಷರದ ಅರ್ಥ. ಕೊಡಾಕ್ 1971ರಲ್ಲಿ ಎಕ್ಟಾಕ್ರೋಮ್ 160ರ ಜೊತೆಗೇ ಎಕ್ಸ್‌ಎಲ್ ಕ್ಯಾಮೆರಾಗಳನ್ನು ತಂದಿತು. ಎಫ್ 1.2 ಲೆನ್ಸು, ಅಗಲವಾಗಿ ತೆರೆಯುವ ಷಟರ್, ಬೆಳಕು ಕದಿಯದಂತೆ ಬೇರೆಯೇ ವ್ಯೂಫೈಂಡರು. ಆಮೇಲೆ ಬಂದ ಕ್ಯಾನನ್ 310ಎಕ್ಸ್‌ಎಲ್‌ನ ಲೆನ್ಸು ಎಫ್ 1.0, ಷಟರ್ 220 ಡಿಗ್ರಿ. ಕ್ಯಾನನ್ 1014ಎಕ್ಸ್‌ಎಲ್-ಎಸ್‌ನಲ್ಲಿ 150 ಮತ್ತು 220 ಎರಡನ್ನೂ ಬದಲಿಸಿಕೊಳ್ಳಬಹುದು, ಲೆನ್ಸು ಎಫ್ 1.4.

ಎಫ್ 1.8 ಮತ್ತು 150 ಡಿಗ್ರಿಯಿಂದ ಎಫ್ 1.2 ಮತ್ತು 220 ಡಿಗ್ರಿಗೆ ಬಂದರೆ 3.3 ಪಟ್ಟು ಬೆಳಕು, ಅಂದರೆ ಒಂದೂಮುಕ್ಕಾಲು ಸ್ಟಾಪು. ನಿಮ್ಮ 280 ಲಕ್ಸ್ 85ಕ್ಕೆ ಇಳಿಯುತ್ತದೆ. ಬೇರೆ ಮಾತಿನಲ್ಲಿ, ಹಳೆ 500ಟಿ ಹಾಕಿದ ಎಕ್ಸ್‌ಎಲ್ ಕ್ಯಾಮೆರಾ ಹೊಸ 500ಟಿ ಹಾಕಿದ ಸಾಮಾನ್ಯ ಕ್ಯಾಮೆರಾಕ್ಕೆ ಹತ್ತಿರ ಹತ್ತಿರ ಸಮ. ಹೊಸ 500ಟಿಯನ್ನೇ ಎಕ್ಸ್‌ಎಲ್‌ಗೆ ಹಾಕಿದರೆ 21 ಲಕ್ಸ್ ಸಾಕು. ಒಂದು ಮೇಣದಬತ್ತಿ ಒಂದು ಮೀಟರ್ ದೂರದಲ್ಲಿ ಕೊಡುವುದು ಸುಮಾರು 1 ಲಕ್ಸ್, 30 ಸೆಂಟಿಮೀಟರ್‌ನಲ್ಲಿ 11. ಕೇಕಿನ ಮೇಲೆ ಎರಡು ಬತ್ತಿ ಇದ್ದು ಮಗುವಿನ ಮುಖ ಒಂದಡಿ ದೂರ ಬಾಗಿದ್ದರೆ ಬೇರೆ ದೀಪವಿಲ್ಲದೆಯೂ ಮುಖ ಸಿಗುತ್ತದೆ.

ಫೋಕಸ್‌ಟೇಪು

ಎಫ್ 1.2ರ ಮಾತು ಬಂದದ್ದಕ್ಕೆ ಫೋಕಸ್ ಬಗ್ಗೆ ಎಚ್ಚರಿಕೆ ಹೇಳುತ್ತೇನೆ. ಮಂದ ಬೆಳಕಿನ ರೀಲುಗಳು ಎಕ್ಸ್‌ಪೋಷರಿನಿಂದ ಹಾಳಾಗುವಷ್ಟೇ ಫೋಕಸಿನಿಂದಲೂ ಹಾಳಾಗುತ್ತವೆ.

9 ಮಿಲಿಮೀಟರ್‌ನಲ್ಲಿ ಎಫ್ 1.2ಕ್ಕೆ ಎರಡು ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 1.4ರಿಂದ 3.2 ಮೀಟರ್‌ವರೆಗೆ ಸ್ಪಷ್ಟ. ಊಟದ ಮೇಜಿಗೆ ಇಷ್ಟು ಧಾರಾಳ. ಅದೇ ಲೆನ್ಸನ್ನು 30 ಮಿಲಿಮೀಟರ್‌ಗೆ ಜೂಮ್ ಮಾಡಿ ಮೂರು ಮೀಟರಿಗೆ ಫೋಕಸ್ ಮಾಡಿದರೆ ಉಳಿಯುವುದು 2.85ರಿಂದ 3.15. ಒಟ್ಟು ಒಂದಡಿ. ಕೂತವರು ಬೆನ್ನು ಕುರ್ಚಿಗೆ ಒರಗಿಸಿದರೆ ಮುಖ ಮಸುಕಾಗುತ್ತದೆ. ಆದ್ದರಿಂದ ರಾತ್ರಿ ಜೂಮ್ ಬೇಡ. ಅಗಲದಲ್ಲಿ ಇಟ್ಟುಕೊಂಡು ಕ್ಯಾಮೆರಾವನ್ನೇ ಹತ್ತಿರ ಒಯ್ಯಿರಿ.

ವ್ಯೂಫೈಂಡರಿನಲ್ಲಿ ಫೋಕಸ್ ನೋಡಲು ಇರುವ ಸ್ಪ್ಲಿಟ್ ಇಮೇಜ್, ಮೈಕ್ರೋಪ್ರಿಸಂ ಎರಡೂ ಕತ್ತಲಲ್ಲಿ ಕಪ್ಪಾಗಿ ಕೈಕೊಡುತ್ತವೆ. ಅಳತೆ ಟೇಪು ಬಳಸಿ. ಕ್ಯಾಮೆರಾದ ಪಕ್ಕದಲ್ಲಿ ವೃತ್ತವನ್ನು ಗೆರೆಯೊಂದು ಸೀಳಿದಂತಹ ಗುರುತು ಇರುತ್ತದೆ, ಅದು ಫಿಲ್ಮು ಕೂರುವ ಜಾಗ. ಟೇಪಿನ ತುದಿ ಅಲ್ಲಿಗೆ ಹಿಡಿದು ಕಣ್ಣಿನವರೆಗೆ ಅಳೆಯಿರಿ, ಲೆನ್ಸಿನ ಮುಂಭಾಗದಿಂದಲ್ಲ. ವ್ಯೂಫೈಂಡರಿನ ಡಯಾಪ್ಟರನ್ನು ನಿಮ್ಮ ಕಣ್ಣಿಗೆ ಹಗಲಿನಲ್ಲೇ ಹೊಂದಿಸಿಟ್ಟುಕೊಂಡಿರಬೇಕು.

ಸುರುಳಿಗಂಟು

ಎಲ್ಲರಿಗೂ ಧನ್ಯವಾದ. ಎಕ್ಸ್‌ಎಲ್ ಸಿಗುವುದು ಕಷ್ಟ, ಇರುವ ಕ್ಯಾಮೆರಾದಲ್ಲೇ ಮಾಡಬೇಕು. ಹಾಗಾದರೆ 300–400 ಲಕ್ಸ್ ತರುವುದು ಹೇಗೆ, ಮೂವಿ ಲೈಟಿನ ಆ ಬಿಳಿಚು ಮುಖ ಬರದ ಹಾಗೆ? ಇನ್ನೊಂದು ಪ್ರಶ್ನೆ: ಸೆಕೆಂಡಿಗೆ 9 ಫ್ರೇಮ್ ಇಟ್ಟು ತೆಗೆಯಬಹುದೇ?

ದೀಪಧಾರಿ

ಕೋಣೆ ಪೂರ್ತಿ 400 ಲಕ್ಸ್ ಮಾಡಲು ಹೋಗಬೇಡಿ. ಮುಖ ಇರುವ ಜಾಗಕ್ಕೆ ಮಾತ್ರ ಬೆಳಕು ತನ್ನಿ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು.

800 ಲೂಮೆನ್ನಿನ ಬಲ್ಬು, ಅಂದರೆ ಹಳೆ 60 ವ್ಯಾಟಿನಷ್ಟು, ಒಂದು ಮೀಟರಿನಲ್ಲಿ ಸುಮಾರು 60 ಲಕ್ಸ್, ಅರ್ಧ ಮೀಟರಿನಲ್ಲಿ 250. 1500 ಲೂಮೆನ್ನಿನದು ಅರ್ಧ ಮೀಟರಿನಲ್ಲಿ 480. ಹಾಗಾಗಿ ಚೌಕಟ್ಟಿನೊಳಗೆ ಕಾಣುವ ಮೇಜಿನ ದೀಪದಲ್ಲೇ 1500 ಲೂಮೆನ್ನಿನ ಬಲ್ಬು ಹಾಕಿ, ಕೂತವರ ಭುಜದ ಹತ್ತಿರ ತನ್ನಿ. ದೀಪದ ಶೇಡು ಕ್ಯಾಮೆರಾದ ಕಡೆಗೆ ಉರಿದ ಹಾಗೆ ಕಂಡರೆ, ಶೇಡಿನ ಒಳಗೆ ಕ್ಯಾಮೆರಾದ ಬದಿಗೆ ಮಾತ್ರ ಒಂದು ಕಾಗದ ಹಚ್ಚಿ. ಎಲ್‌ಇಡಿ ಬಲ್ಬಾದರೆ ಕಾಗದ ಸರಿ, ತಂತಿಯ ಬಲ್ಬು ಅಥವಾ ಹ್ಯಾಲೊಜೆನ್ ಆದರೆ ಖಂಡಿತ ಬೇಡ, ಹೊತ್ತಿಕೊಳ್ಳುತ್ತದೆ. ಇನ್ನೊಂದು ಬಲವಾದ ದೀಪವನ್ನು ಕ್ಯಾಮೆರಾದ ಹಿಂದೆ ಬಿಳಿ ಗೋಡೆಗೋ ಚಾವಣಿಗೋ ತಿರುಗಿಸಿ. ಅಲ್ಲಿಂದ ಬರುವ 40–50 ಲಕ್ಸ್ ಮುಖದ ನೆರಳಿನ ಬದಿಯನ್ನು ಸ್ವಲ್ಪವಾದರೂ ಫಾಗಿನಿಂದ ಮೇಲೆತ್ತುತ್ತದೆ. ಹಳೆ ಫಿಲ್ಮಿಗೆ ಬೆಳಕು ಮತ್ತು ನೆರಳಿನ ನಡುವೆ ಅಂತರ ಹೆಚ್ಚು ಇಡಬೇಡಿ.

ಮೂವಿ ಲೈಟು ಇದ್ದರೆ ಅದನ್ನೂ ಹಾಗೆಯೇ ಚಾವಣಿಗೆ ತಿರುಗಿಸಬಹುದು. ಹ್ಯಾಲೊಜೆನ್ ಕೊಳವೆಯನ್ನು ಬರಿಗೈಯಲ್ಲಿ ಮುಟ್ಟಬಾರದು, ಬೆರಳಿನ ಎಣ್ಣೆ ಹತ್ತಿದ ಜಾಗ ಬಿಸಿಯಾಗಿ ಒಡೆಯುತ್ತದೆ. ಲೈಟು ಕಿಟಕಿಯ ಪರದೆಯಿಂದ ಒಂದು ಮೀಟರ್ ದೂರವಿರಲಿ.

ದೀಪ ಚೌಕಟ್ಟಿನೊಳಗಿದ್ದರೆ ಆಟೊ ಮೀಟರು ಮೋಸ ಹೋಗುತ್ತದೆ, ದೀಪ ನೋಡಿ ಅಪರ್ಚರ್ ಮುಚ್ಚುತ್ತದೆ. ಎಕ್ಸ್‌ಪೋಷರ್ ಲಾಕ್ ಇದ್ದರೆ ಮುಖದ ಹತ್ತಿರ ಹೋಗಿ ಅಳೆದು ಲಾಕ್ ಮಾಡಿ. ಲಾಕ್ ಇಲ್ಲದಿದ್ದರೆ ದೀಪವನ್ನು ಚೌಕಟ್ಟಿನ ಹೊರಗೆ ಇಡುವುದೇ ದಾರಿ.

ಹದಿನೆಂಟುಫ್ರೇಮು

9 ಫ್ರೇಮಿನ ವಿಷಯ: ಸರಿಯಾಗಿ ಒಂದು ಸ್ಟಾಪು ಸಿಗುತ್ತದೆ. 18ರಲ್ಲಿ ತೋರಿಸಿದರೆ ಜನ ಎರಡರಷ್ಟು ವೇಗದಲ್ಲಿ ಓಡಾಡುತ್ತಾರೆ. ಸ್ಕ್ಯಾನ್ ಮಾಡಿ ಪ್ರತಿ ಫ್ರೇಮನ್ನು ಎರಡೆರಡು ಸಲ ಹಾಕಿದರೆ ವೇಗ ಸರಿಯಾಗುತ್ತದೆ, ಚಲನೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಅಲುಗಾಡದ ದೃಶ್ಯಕ್ಕೆ, ಉದಾಹರಣೆಗೆ ಮಲಗಿದ ಮಗು, ಕಿಟಕಿಯಾಚೆಯ ಊರಿನ ದೀಪಗಳು, ಇದು ಚೆನ್ನ. ಮಾತು, ನಗು, ಕೈ ಬೀಸುವುದು ಇರುವಲ್ಲಿ ಬೇಡ. 24 ಫ್ರೇಮಂತೂ ಬೇಡವೇ ಬೇಡ, ಅದು ಅರ್ಧ ಸ್ಟಾಪಿನ ಹತ್ತಿರ ಕಳೆಯುತ್ತದೆ, ಜೊತೆಗೆ 3 ನಿಮಿಷ 20 ಸೆಕೆಂಡಿನ ಕಾರ್ಟ್ರಿಜ್ ಎರಡೂವರೆ ನಿಮಿಷಕ್ಕೆ ಮುಗಿಯುತ್ತದೆ.

ಐವತ್ತುಹರ್ಟ್ಸ್

ಎಲ್‌ಇಡಿ ಮತ್ತು ಟ್ಯೂಬ್‌ಲೈಟಿನ ಮಿಣುಕು ಯಾರೂ ಎತ್ತಲಿಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಒಂದು ಫ್ರೇಮಿನ ಹೊತ್ತಿನಲ್ಲಿ ಆ ಏರಿಳಿತ ಪೂರ್ಣಸಂಖ್ಯೆಯಲ್ಲಿ ಮುಗಿದರೆ ಎಲ್ಲ ಫ್ರೇಮಿಗೂ ಒಂದೇ ಬೆಳಕು. 150 ಡಿಗ್ರಿ, 18 ಫ್ರೇಮಿನಲ್ಲಿ 2.3 ಏರಿಳಿತ ಬರುತ್ತದೆ. ಆ ಉಳಿದ 0.3 ಭಾಗ ಫ್ರೇಮಿನಿಂದ ಫ್ರೇಮಿಗೆ ಬೇರೆ ಬೇರೆ ಕಡೆ ಬೀಳುತ್ತದೆ, ಚಿತ್ರ ನಡುಗಿದ ಹಾಗೆ ಮಿಣುಕುತ್ತದೆ. 220 ಡಿಗ್ರಿಯಲ್ಲಿ 3.4, ಅಲ್ಲೂ ಪೂರ್ತಿ ಹೋಗುವುದಿಲ್ಲ. 16 ಎಂಎಂನ ಬೋಲೆಕ್ಸ್ ಎಚ್16 ರಿಫ್ಲೆಕ್ಸ್‌ನ ಷಟರ್ 130 ಡಿಗ್ರಿ, 18 ಫ್ರೇಮಿನಲ್ಲಿ 1/50 ಸೆಕೆಂಡು, ಸರಿಯಾಗಿ ಎರಡು ಏರಿಳಿತ. ಅದರಲ್ಲಿ ಮಿಣುಕು ಬಹುತೇಕ ಕಾಣುವುದಿಲ್ಲ.

ಎಲ್ಲ ಎಲ್‌ಇಡಿಯೂ ಮಿಣುಕುವುದಿಲ್ಲ, ಒಳಗಿನ ಡ್ರೈವರ್ ಚೆನ್ನಾಗಿದ್ದರೆ ಬೆಳಕು ಸ್ಥಿರ. ಫೋನಿನ ಕ್ಯಾಮೆರಾವನ್ನು ಬಲ್ಬಿಗೆ ತೀರ ಹತ್ತಿರ ಹಿಡಿದು, ಷಟರ್ ವೇಗ ಹೆಚ್ಚಿಸಿ ನೋಡಿ. ಪರದೆಯ ಮೇಲೆ ಅಡ್ಡ ಪಟ್ಟೆಗಳು ಹರಿದರೆ ಆ ಬಲ್ಬು ಬೇಡ. ಡಿಮ್ಮರ್ ಹಾಕಿ ಇಳಿಸಿದ ಎಲ್‌ಇಡಿಯನ್ನು ಇನ್ನೂ ಹೆಚ್ಚು ಅನುಮಾನದಿಂದ ನೋಡಿ. ತಂತಿಯ ಬಲ್ಬು ಬಿಸಿ ಹಿಡಿದಿಟ್ಟುಕೊಳ್ಳುವುದರಿಂದ ಅದರಲ್ಲಿ ಈ ತೊಂದರೆ ಇಲ್ಲವೆನ್ನುವಷ್ಟು ಕಡಿಮೆ, 500ಟಿಯ ಬಣ್ಣಕ್ಕೂ ಅದು ಹತ್ತಿರ.

ದೀಪಧಾರಿ

ಬಣ್ಣದ ಬಗ್ಗೆ ಒಂದು ಸಾಲು. ಮನೆಯ ಬಲ್ಬು 2700–2800 ಕೆಲ್ವಿನ್, 500ಟಿ 3200ಕ್ಕೆ ಮಾಡಿದ್ದು. ಸ್ವಲ್ಪ ಹಳದಿ ಬರುತ್ತದೆ, ಬರಲಿ, ಸ್ಕ್ಯಾನಿನಲ್ಲಿ ಸರಿಹೋಗುತ್ತದೆ. ನೀಲಿ 80ಎ ಫಿಲ್ಟರನ್ನು ಮಾತ್ರ ರಾತ್ರಿ ಯಾವ ಫಿಲ್ಮಿಗೂ ಹಾಕಬೇಡಿ, ಎರಡು ಸ್ಟಾಪು ಹೋಗುತ್ತದೆ.

ಸ್ಪ್ರಾಕೆಟ್

ಕ್ಯಾಮೆರಾದ ಬ್ಯಾಟರಿ ನೋಡಿದ್ದೀರಾ? ಎಷ್ಟೋ ಸೂಪರ್ 8 ಕ್ಯಾಮೆರಾಗಳ ಮೀಟರಿಗೆ ಬೇರೆಯೇ ಪಾದರಸದ ಸೆಲ್ ಇರುತ್ತಿತ್ತು, ಪಿಎಕ್ಸ್625, 1.35 ವೋಲ್ಟ್. ಈಗ ಆ ಸೆಲ್ ಬರುವುದಿಲ್ಲ. ಅದೇ ಗಾತ್ರದ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಬಹಳಷ್ಟು ಸರ್ಕ್ಯೂಟಿನಲ್ಲಿ ಮೀಟರು ಇರುವುದಕ್ಕಿಂತ ಹೆಚ್ಚು ಬೆಳಕಿದೆ ಎಂದುಕೊಂಡು ಅಪರ್ಚರ್ ಮುಚ್ಚುತ್ತದೆ. ಹಳೆ ಫಿಲ್ಮಿಗೆ ಮೊದಲೇ ಕೊರತೆ, ಅದರ ಮೇಲೆ ಇದೂ ಸೇರುತ್ತದೆ. ಕಿವಿ ಯಂತ್ರದ 675 ಜಿಂಕ್-ಏರ್ ಸೆಲ್ 1.4 ವೋಲ್ಟ್, ಸುತ್ತ ಒಂದು ರಬ್ಬರ್ ಉಂಗುರ ಹಾಕಿದರೆ ಅಲ್ಲಾಡದೆ ಕೂರುತ್ತದೆ. ಅಂಟುಪಟ್ಟಿ ಕಿತ್ತ ಮೇಲೆ ಕೆಲವು ವಾರ ಅಷ್ಟೇ ಬಾಳಿಕೆ, ತೆಗೆಯುವ ದಿನವೇ ಕಿತ್ತರೆ ಸಾಕು. ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಿ.

ಸಿಡಿಎಸ್ (ಕ್ಯಾಡ್ಮಿಯಂ ಸಲ್ಫೈಡ್) ಕಣ್ಣಿನ ಮೀಟರಿಗೆ ನೆನಪಿರುತ್ತದೆ. ಬಿಸಿಲಿನಿಂದ ಅಥವಾ ಉರಿಯುವ ದೀಪದಿಂದ ಕತ್ತಲೆಗೆ ತಿರುಗಿಸಿದ ಕೂಡಲೇ ಸರಿಯಾದ ಅಳತೆ ಕೊಡುವುದಿಲ್ಲ. ಕೋಣೆಯ ಬೆಳಕಿಗೆ ಅರ್ಧ ನಿಮಿಷ ಹಿಡಿದು, ಮುಳ್ಳು ನಿಂತ ಮೇಲೆ ಓಡಿಸಿ.

ಈಗ ಕಾರ್ಟ್ರಿಜ್. ಇಷ್ಟು ಹಳೆಯದಾದರೆ ಒಳಗೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ಬಿಗಿಯಾಗಿರುತ್ತವೆ. ಫಾಯಿಲ್ ಒಡೆದು ಕಾರ್ಟ್ರಿಜ್ಜನ್ನು ಚಪ್ಪಟೆ ಬದಿ ಕೆಳಗೆ ಬರುವಂತೆ ಅಂಗೈಗೆ ಮೂರು ನಾಲ್ಕು ಸಲ ತಟ್ಟಿ, ತಿರುಗಿಸಿ ಇನ್ನೊಂದು ಬದಿಯನ್ನೂ ತಟ್ಟಿ. ಕ್ಯಾಮೆರಾದ ಚಕ್ರ ಹಿಡಿಯುವ ನಡುವಿನ ಗುಂಡಿಯನ್ನು ಬೆರಳಿನಿಂದ ಒಂದಿಷ್ಟು ತಿರುಗಿಸಿ. ಅದು ಒಂದೇ ದಿಕ್ಕಿಗೆ ತಿರುಗುತ್ತದೆ, ಹಿಂದಕ್ಕೆ ಒತ್ತಾಯ ಮಾಡಬೇಡಿ. ಗೇಟಿನಲ್ಲಿ ಕಾಣುವ ಫಿಲ್ಮಿನ ಮೇಲೆ ಪೆನ್ನಿನಿಂದ ಸಣ್ಣ ಚುಕ್ಕೆ ಇಟ್ಟು, ಕ್ಯಾಮೆರಾಗೆ ಹಾಕಿ ಎರಡು ಸೆಕೆಂಡು ಓಡಿಸಿ, ತೆಗೆದು ನೋಡಿ. ಚುಕ್ಕೆ ಹೋಗಿದ್ದರೆ ಫಿಲ್ಮು ಓಡುತ್ತಿದೆ. ಚುಕ್ಕೆ ಅಲ್ಲೇ ಇದ್ದರೆ ಅಥವಾ ಓಡುವಾಗ ಕೀರಲು ಸದ್ದು ಬಂದರೆ ಮತ್ತೆ ತಟ್ಟಿ. ಚಿತ್ರೀಕರಣದ ನಡುವೆ ಸದ್ದು ಬದಲಾದರೆ ನಿಲ್ಲಿಸಿ. ಫ್ರೇಮಿನ ಎಣಿಕೆ ಮುಂದೆ ಹೋಗುತ್ತಿದೆ ಎಂದು ನಂಬಬೇಡಿ, ಎಷ್ಟೋ ಕ್ಯಾಮೆರಾಗಳಲ್ಲಿ ಫಿಲ್ಮು ನಿಂತರೂ ಎಣಿಕೆ ಓಡುತ್ತದೆ.

ಫಾಯಿಲ್ ಒಡೆದಾಗ ಹುಳಿ ವಾಸನೆ ಬಂದರೆ ಅಸಿಟೇಟ್ ಕೊಳೆಯುತ್ತಿದೆ ಎಂದರ್ಥ. ಅಂಥದ್ದು ಕುಗ್ಗಿರುತ್ತದೆ, ಗೇಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಟ್ಟುಬಿಡಿ.

ಸುರುಳಿಗಂಟು

ಟ್ರೈ-ಎಕ್ಸ್ ಮತ್ತು ಉಳಿದ ಎರಡರ ಗತಿ?

ಕತ್ತಲೆಕೋಣೆ

ಕೊಡಾಕ್ರೋಮಿನ ಕೆ-14 ಸಂಸ್ಕರಣೆ 2010ರ ಕೊನೆಗೆ ಜಗತ್ತಿನಿಂದಲೇ ನಿಂತಿತು. ಇನ್ನು ಅದನ್ನು ಕಪ್ಪು-ಬಿಳುಪಿನಲ್ಲಿ ಮಾತ್ರ ತೆಗೆಯಬಹುದು, ಅದೂ ಬಿಸಿಲಿನಲ್ಲಿ. ಎಕ್ಟಾಕ್ರೋಮ್ 160 ಟೈಪ್ ಜಿ ಫಿಲ್ಟರಿಲ್ಲದೆ ಹಗಲು, ಬಲ್ಬು ಎರಡಕ್ಕೂ ನಡೆಯುವಂತೆ ಮಾಡಿದ ಫಿಲ್ಮು. ಆದರೆ ಅದರ ಸಂಸ್ಕರಣೆ ಇಂದಿನ ಇ-6 ಅಲ್ಲ. ಇ-6ರ 38 ಡಿಗ್ರಿಗೆ ಹಾಕಿದರೆ ಆ ಹಳೆ ಎಮಲ್ಷನ್ (ಚಿತ್ರ ಮೂಡುವ ಪದರ) ಮೆತ್ತಗಾಗಿ ಏಳುವ ಅಪಾಯವಿದೆ. ಅದನ್ನೂ ಕಪ್ಪು-ಬಿಳುಪು ನೆಗೆಟಿವ್ ಎಂದೇ ನೋಡಿ, 20 ಡಿಗ್ರಿಯಲ್ಲಿ ಮಾಡಿ. ಎರಡೂ ರಾತ್ರಿಯ ಕೆಲಸಕ್ಕಲ್ಲ.

ಟ್ರೈ-ಎಕ್ಸ್ 7278ರ ಮೇಲೆ ನಂಬಿಕೆ ಇಡಬಹುದು. ಕಪ್ಪು-ಬಿಳುಪಿನಲ್ಲಿ ಬಣ್ಣದ ಎಳೆದಾಟ ಇಲ್ಲ, ಇರುವುದು ಒಂದೇ ಪದರದ ಫಾಗ್. ರಿವರ್ಸಲ್ ಮಾಡಿಸದೆ ನೆಗೆಟಿವ್ ಆಗಿ ಡೆವಲಪ್ ಮಾಡಿ. ರಿವರ್ಸಲ್‌ನಲ್ಲಿ ಫಾಗ್ ಕಪ್ಪನ್ನೇ ಕರಗಿಸುತ್ತದೆ. ನೆಗೆಟಿವ್‌ನಲ್ಲಿ ಅದು ಇಡೀ ಫ್ರೇಮಿಗೆ ಸಮನಾದ ಮಬ್ಬು, ಸ್ಕ್ಯಾನರ್ ಅದರ ಮೂಲಕ ನೋಡಬಲ್ಲದು.

ಒಂದು ಕಾರ್ಟ್ರಿಜ್ಜನ್ನು ಪರೀಕ್ಷೆಗೆ ಬಲಿಕೊಡಬೇಕಾಗುತ್ತದೆ, ಎರಡೂ ಒಂದೇ ಬ್ಯಾಚಾದರೆ ಮಾತ್ರ ಇದಕ್ಕೆ ಅರ್ಥ. ನಿಮ್ಮ ಕ್ಯಾಮೆರಾದಲ್ಲಿ ಅಪರ್ಚರ್ ಕೈಯಿಂದ ಬದಲಿಸಲಾಗದು, ಆದ್ದರಿಂದ ಬೆಳಕನ್ನೇ ಬದಲಿಸಿ. ಬೂದು ಬಟ್ಟೆ ಮತ್ತು ಒಂದು ಮುಖ ಇಟ್ಟು, ದೀಪವನ್ನು 140, 100, 70, 50 ಸೆಂಟಿಮೀಟರಿಗೆ ತಂದು ಪ್ರತಿ ದೂರದಲ್ಲೂ ಎರಡೆರಡು ಸೆಕೆಂಡು ತೆಗೆಯಿರಿ. ಒಂದೊಂದು ಹೆಜ್ಜೆಗೂ ಒಂದೊಂದು ಸ್ಟಾಪು ಏರುತ್ತದೆ. ಎರಡು ಸೆಕೆಂಡೆಂದರೆ 36 ಫ್ರೇಮು, ಅರ್ಧ ಅಡಿ. ನಾಲ್ಕಕ್ಕೂ ಎರಡಡಿ. ಲೆನ್ಸ್ ಪೂರ್ತಿ ತೆರೆದೇ ಇದೆ ಎಂದು ಖಾತ್ರಿಯಾಗಲು ಉಳಿದ ದೀಪಗಳನ್ನು ಆರಿಸಿ, ಮೀಟರಿನ ಮುಳ್ಳು ಕೊನೆಯವರೆಗೂ ಎಫ್ 1.8ರಲ್ಲೇ ಇದೆಯೇ ನೋಡಿ. ಇದೇ ಸಾಲನ್ನು ಮೂರು ಸಲ ತೆಗೆದು, ನಡುವೆ ಲೆನ್ಸಿಗೆ ಮುಚ್ಚಳ ಹಾಕಿ ಒಂದೊಂದು ಅಡಿ ಖಾಲಿ ಓಡಿಸಿ. ಆ ಖಾಲಿ ತುಂಡೇ ಫಾಗ್ ತೋರಿಸುವುದು.

ಪೂರ್ತಿ ಕತ್ತಲಲ್ಲಿ ಕಾರ್ಟ್ರಿಜ್ ಒಡೆದು ಮೂರು ತುಂಡು ಮಾಡಿ. ಎಚ್‌ಸಿ-110 ಡೈಲ್ಯೂಷನ್ ಬಿ (ಒಂದು ಭಾಗಕ್ಕೆ 31 ಭಾಗ ನೀರು), 20 ಡಿಗ್ರಿ, ಒಂದು ತುಂಡಿಗೆ 5 ನಿಮಿಷ, ಇನ್ನೊಂದಕ್ಕೆ ಆರೂವರೆ, ಮೂರನೆಯದಕ್ಕೆ 8. ಈ ಡೆವಲಪರ್ ಹಳೆ ಫಿಲ್ಮಿನಲ್ಲಿ ಫಾಗ್ ಕಡಿಮೆ ಎಬ್ಬಿಸುತ್ತದೆ. ತೊಳೆದು ಒಣಗಿಸಿ ಬಿಳಿ ಕಾಗದದ ಮೇಲೆ ಇಡಿ. ಖಾಲಿ ತುಂಡಿಗೂ ಮುಖದ ನೆರಳಿನ ಬದಿಗೂ ಕಣ್ಣಿಗೆ ಸ್ಪಷ್ಟ ವ್ಯತ್ಯಾಸ ಕಾಣುವ ಮೊದಲ ಹೆಜ್ಜೆ ಯಾವುದೋ ಅದೇ ನಿಮ್ಮ ಕನಿಷ್ಠ ಬೆಳಕು. ಯಾವ ಹೆಜ್ಜೆಯಲ್ಲೂ ಕಾಣದಿದ್ದರೆ ಆ ಬ್ಯಾಚು ರಾತ್ರಿಗೆ ಆಗುವುದಿಲ್ಲ.

ಫಾಗ್ ತೀರ ಹೆಚ್ಚಿದ್ದರೆ ಒಂದು ಲೀಟರ್ ಡೆವಲಪರಿಗೆ ಒಂದು ಶೇಕಡಾ ಬೆಂಜೊಟ್ರಯಜೋಲ್ ದ್ರಾವಣ 15–20 ಮಿಲಿಲೀಟರ್ ಸೇರಿಸಬಹುದು. ಫಾಗ್ ಇಳಿಯುತ್ತದೆ, ಜೊತೆಗೆ ಫಿಲ್ಮಿನ ವೇಗವೂ ಇಳಿಯುತ್ತದೆ. ಮಂದ ಬೆಳಕಿನಲ್ಲಿ ತೆಗೆದ ರೀಲಿಗೆ ಇದನ್ನು ಸುರಿದರೆ ಮಬ್ಬಿನ ಜೊತೆ ಚಿತ್ರವೂ ಹೋಗಬಹುದು. ಪರೀಕ್ಷೆಯ ತುಂಡಿನಲ್ಲಿ ನೋಡದೆ ಹಾಕಬೇಡಿ.

ರೆಮ್‌ಜೆಟ್

ನಿಮ್ಮ 500ಟಿಗೆ ಮತ್ತು ಕೊಡಾಕ್ರೋಮಿಗೆ ಹಿಂಬದಿಯಲ್ಲಿ ಕಪ್ಪು ಇಂಗಾಲದ ಪದರ, ರೆಮ್‌ಜೆಟ್, ಇದೆ. ಮನೆಯಲ್ಲಿ ಡೆವಲಪ್ ಮಾಡುವವರು ಇದನ್ನು ಮರೆತರೆ ಅದು ಕರಗಿ ಚಿತ್ರದ ಮೇಲೆ ಕಪ್ಪು ಚುಕ್ಕೆಯಾಗಿ ಕೂರುತ್ತದೆ. ಒಂದು ಲೀಟರ್ ನೀರಿಗೆ ಬೊರಾಕ್ಸ್ 20 ಗ್ರಾಂ, ನೀರಿನಂಶವಿಲ್ಲದ ಸೋಡಿಯಂ ಸಲ್ಫೇಟ್ 100 ಗ್ರಾಂ, ಕಾಸ್ಟಿಕ್ ಸೋಡಾ 1 ಗ್ರಾಂ. ಇದರಲ್ಲಿ 27 ಡಿಗ್ರಿಯಲ್ಲಿ 10 ಸೆಕೆಂಡು ನೆನೆಸಿದರೆ ಪದರ ಮೆತ್ತಗಾಗುತ್ತದೆ. ಆಮೇಲೆ ನೀರು ತುಂಬಿ ಜೋರಾಗಿ ಅಲುಗಾಡಿಸಿ ಚೆಲ್ಲಿ, ಕಪ್ಪು ನೀರು ತಿಳಿಯಾಗುವವರೆಗೆ. ಉಳಿದದ್ದನ್ನು ಕೊನೆಗೆ ಒದ್ದೆ ಸ್ಪಂಜಿನಿಂದ ಹಿಂಬದಿ ಮಾತ್ರ ಒರೆಸಿ, ಎಮಲ್ಷನ್ ಬದಿ ಮುಟ್ಟಬೇಡಿ. 50 ಅಡಿ, ಅಂದರೆ 15 ಮೀಟರ್ ಹಿಡಿಯುವ ಸುರುಳಿ ಟ್ಯಾಂಕ್ ಇಲ್ಲದಿದ್ದರೆ ಕಲರನ್ನು ಲ್ಯಾಬಿಗೇ ಕೊಡಿ. ಬಕೆಟ್ಟಿನಲ್ಲಿ ಸಡಿಲವಾಗಿ ಹಾಕಿ ಕಲಕಿದರೆ ಗೀರು ತಪ್ಪಿದ್ದಲ್ಲ.

ಲ್ಯಾಬಿಗೆ ಕಳಿಸುವಾಗ ಪೊಟ್ಟಣದ ಮೇಲೆ ಬರೆಯಿರಿ: ವಿಷನ್2 500ಟಿ, ಅವಧಿ 2008, 125ಕ್ಕೆ ತೆಗೆದದ್ದು, ಮಾಮೂಲಿ ಡೆವಲಪ್, ಪುಷ್ ಬೇಡ. ಸ್ಕ್ಯಾನನ್ನು ಕಾಂಟ್ರಾಸ್ಟ್ ಏರಿಸದೆ ಚಪ್ಪಟೆಯಾಗಿ, 10 ಬಿಟ್ಟಿನಲ್ಲಾದರೂ ಕೇಳಿ. 8 ಬಿಟ್ಟಿನಲ್ಲಿ ಮಬ್ಬಿನ ಅಡಿಯ ನೆರಳು ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ.

ಸುರುಳಿಗಂಟು

ತೀರ್ಮಾನ ಹೀಗೆ ಮಾಡಿದ್ದೇನೆ. ಊಟದ ಮೇಜು ಮತ್ತು ಸೋಫಾ: 2008ರ 500ಟಿ, 1500 ಲೂಮೆನ್ನಿನ ಎರಡು ಬಲ್ಬು, ಒಂದು ಮೇಜಿನ ದೀಪದಲ್ಲಿ ಅರ್ಧ ಮೀಟರಿನಲ್ಲಿ, ಒಂದು ಚಾವಣಿಗೆ. 18 ಫ್ರೇಮು, ಅಗಲ ಲೆನ್ಸು, ಟೇಪಿನಿಂದ ಫೋಕಸ್, ಫಿಲ್ಟರ್ ತೆಗೆದು. ಮೇಣದಬತ್ತಿಗೆ ಹೊಸ 7219 ಒಂದು ತರಿಸುತ್ತೇನೆ. ಟ್ರೈ-ಎಕ್ಸ್ ಒಂದನ್ನು ಪರೀಕ್ಷೆಗೆ. ಉಳಿದೆರಡು ಹಗಲಿಗೆ.

ನೆರಳುಬೆಳಕು

ಒಂದೇ ತಿದ್ದುಪಡಿ. ನಿಮ್ಮ ಕ್ಯಾಮೆರಾದಲ್ಲಿ ಹೊಸ 7219ಕ್ಕೆ 70 ಲಕ್ಸ್ ಬೇಕು, ವ್ಯೂಫೈಂಡರಿನ ನಷ್ಟ ಸೇರಿದರೆ 100. ಬರೀ ಎರಡು ಮೇಣದಬತ್ತಿ 30 ಸೆಂಟಿಮೀಟರಿನಲ್ಲಿ ಕೊಡುವುದು 22. ಆ 21 ಲಕ್ಸಿನ ಲೆಕ್ಕ ಎಕ್ಸ್‌ಎಲ್ ಕ್ಯಾಮೆರಾದ್ದು. ಬತ್ತಿ ಎಂಟೊಂಬತ್ತು ಇರಲಿ, ಅಥವಾ ಚಾವಣಿಯ ದೀಪ ಆರಿಸದೆ ಇರಲಿ.

ಸುರುಳಿಗಂಟು

ಬತ್ತಿ ಒಂಬತ್ತು ಇಡುತ್ತೇನೆ, ಚಾವಣಿಯ ದೀಪವೂ ಇರುತ್ತದೆ.